ಮಾರ್ಟಿನ್ ಹೆಸರಿನ ಅಗ್ಗದ ಗಿಟಾರ್: ಕಂಪನಿ ಮರ್ಯಾದೆ ಮಾರಿಕೊಂಡಿದೆಯೇ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಮಗಳು ಪ್ರೌಢಶಾಲೆಯಿಂದಲೂ ಗಿಟಾರ್ ಕಲಿಯುತ್ತಿದ್ದಾಳೆ. ಪಿಯುಸಿ ಮುಗಿಸಿದ್ದು, ಮಂಗಳೂರಿನ ಕಾಲೇಜಿಗೆ ಸೇರಿ ಹಾಸ್ಟೆಲ್‌ನಲ್ಲಿ ಇರಲಿದ್ದಾಳೆ. ಅವಳಿಗೆ ಮಾರ್ಟಿನ್ ಗಿಟಾರ್ ಬೇಕೆಂಬುದು ಬಹುದಿನಗಳ ಆಸೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನನ್ನ ಮಿತಿಯಾದ ಐವತ್ತು–ಅರವತ್ತು ಸಾವಿರದೊಳಗೇ ಮಾರ್ಟಿನ್ ಸಿಕ್ಕಿತು. ಆದರೆ ಅದು ಅಮೆರಿಕದ್ದಲ್ಲ, ಮೆಕ್ಸಿಕೊದಲ್ಲಿ ತಯಾರಾದದ್ದು, ಹಿಂಬದಿ ಮತ್ತು ಪಕ್ಕೆ ಮರವಲ್ಲ, ಒತ್ತಿದ ಲ್ಯಾಮಿನೇಟ್ ಎಂದು ಅಂಗಡಿಯವರೇ ಹೇಳಿದರು. ಮಗಳ ಗುರುಗಳಿಗೆ ತಿಳಿಸಿದಾಗ ಅವರು, "ಅದು ಮಾರ್ಟಿನ್ ಅಲ್ಲ, ಮಾರ್ಟಿನ್ ಸ್ಟಿಕ್ಕರ್. ಇಂಥ ಅಗ್ಗದ ಮಾಲಿನಿಂದಲೇ ದೊಡ್ಡ ಕಂಪನಿಗಳು ಹೆಸರು ಕೆಡಿಸಿಕೊಂಡವು. ಗಿಬ್ಸನ್ ದಿವಾಳಿಯಾದದ್ದು ನೋಡಿಲ್ಲವೇ?" ಎಂದು ಸಿಟ್ಟಾದರು. ನಾನು ಗಿಟಾರಿಗೆ ಹಣ ಕೊಡುತ್ತಿದ್ದೇನೆಯೋ ಹೆಸರಿಗೋ? ನಾಳೆ ಮಾರಬೇಕಾದರೆ ಆ ಹೆಸರಿಗೆ ಬೆಲೆ ಉಳಿದಿರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಒಂದು ಕಂಪನಿಯ ಮರ್ಯಾದೆಯದು, ಇನ್ನೊಂದು ನಿಮ್ಮ ಅರವತ್ತು ಸಾವಿರದ್ದು. ಎರಡನೆಯದಕ್ಕೆ ಉತ್ತರ ಸುಲಭ. ಆದರೆ ಮೊದಲನೆಯದನ್ನು ಬಿಡಿಸದೆ ಅಲ್ಲಿಗೆ ಹೋದರೆ, ಯಾವ ಗಿಟಾರ್ ಕೊಂಡರೂ ಗುರುಗಳ ಮಾತು ಮನೆಯಲ್ಲಿ ಗುನುಗುತ್ತಲೇ ಇರುತ್ತದೆ. ಹಾಗಾಗಿ ಸ್ವಲ್ಪ ಸುತ್ತು ದಾರಿಯಲ್ಲಿ ಬರುತ್ತೇನೆ. ನಾನು ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮತ್ತು ಸೆಟಪ್ (ನುಡಿಸಲು ಸಲೀಸಾಗುವಂತೆ ಹೊಂದಿಸುವ ಕೆಲಸ) ಮಾಡಿ ಬದುಕುವವನು. ಲಕ್ಷಗಟ್ಟಲೆ ಬೆಲೆಯ ವಾದ್ಯವೂ ಐದು ಸಾವಿರದ್ದೂ ನನ್ನ ಮೇಜಿನ ಮೇಲೆ ಒಂದೇ ರೀತಿ ಹೊಟ್ಟೆ ತೋರಿಸಿ ಮಲಗುತ್ತವೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲು "ಸ್ಟಿಕ್ಕರ್" ಮಾತು. ನೀವು ನೋಡಿದ ಗಿಟಾರ್ ಇನ್ಯಾರೋ ಮಾಡಿ ಮಾರ್ಟಿನ್ ಹೆಸರು ಅಂಟಿಸಿದ್ದಲ್ಲ. ಮೆಕ್ಸಿಕೊದ ಸೊನೋರಾ ರಾಜ್ಯದ ನಾವೊಹೋವಾ ಊರಿನಲ್ಲಿ ಮಾರ್ಟಿನ್ ಕಂಪನಿಯದೇ ಕಾರ್ಖಾನೆಯಿದೆ. ಎಕ್ಸ್ ಸರಣಿ, ಲಿಟ್ಲ್ ಮಾರ್ಟಿನ್, ರೋಡ್ ಸರಣಿಗಳು ಅಲ್ಲಿಂದ ಬರುತ್ತವೆ. ದುಬಾರಿಯ ಡಿ-18, ಡಿ-28ಗಳು ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ತಯಾರಾಗುತ್ತವೆ. ಎರಡೂ ಕಡೆ ಮಾಲೀಕರು ಒಬ್ಬರೇ. ಆ ಮಟ್ಟಿಗೆ ಅದು ಮಾರ್ಟಿನ್ನೇ.

ಆದರೆ ಗುರುಗಳ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಂಗಡಿಯವರು ಹೇಳಿದ ಲ್ಯಾಮಿನೇಟ್, ಕೆಲಸದವರ ಮಾತಿನಲ್ಲಿ ಎಚ್‌ಪಿಎಲ್, ರಾಳದಲ್ಲಿ ಅದ್ದಿದ ಕಾಗದದ ಹಾಳೆಗಳನ್ನು ಬಿಸಿಯಲ್ಲಿ ಒತ್ತಿ ಒಂದಾಗಿಸಿದ ಹಲಗೆ. ನಮ್ಮ ಅಡುಗೆಮನೆಯ ಕಪಾಟಿಗೆ ಅಂಟಿಸುವ ಸನ್‌ಮೈಕಾ ಅದೇ ಕುಲದ್ದು. ಮೇಲ್ಪದರದಲ್ಲಿ ಮಹಾಗನಿಯದೋ ಬೀಟೆಯದೋ ಕೋವಾದ್ದೋ ಚಿತ್ರ ಮುದ್ರಿಸಿರುತ್ತಾರೆ. ಮುಂದಿನ ಸಲ ಅಂಗಡಿಗೆ ಹೋದಾಗ ಗಿಟಾರನ್ನು ಬೆಳಕಿಗೆ ಓರೆಯಾಗಿ ಹಿಡಿದು ಸೌಂಡ್‌ಹೋಲ್‌ನ, ಅಂದರೆ ನಡುವಿನ ದುಂಡು ರಂಧ್ರದ, ಅಂಚನ್ನು ನೋಡಿ. ಮೇಲ್ಹಲಗೆ ನಿಜವಾದ ಸ್ಪ್ರೂಸ್ ಮರದ್ದಾಗಿದ್ದರೆ ಮೇಲೆ ಕಾಣುವ ಸಣ್ಣ ಗೆರೆಗಳು ಅಂಚಿನಲ್ಲಿ ತಿರುಗಿ, ಹಲಗೆಯ ದಪ್ಪದುದ್ದಕ್ಕೂ ಇಳಿದುಹೋಗುತ್ತವೆ. ಎಚ್‌ಪಿಎಲ್ ಆಗಿದ್ದರೆ ಗೆರೆ ಅಂಚಿನಲ್ಲೇ ತಟ್ಟನೆ ನಿಂತು, ಅದರ ಕೆಳಗೆ ಮರವೇ ಅಲ್ಲದ ಒಂದು ಮಂಕು ಪಟ್ಟಿ ಕಾಣುತ್ತದೆ. ಲಿಟ್ಲ್ ಮಾರ್ಟಿನ್‌ನಲ್ಲೇ ಎರಡೂ ಬಗೆ ಇವೆ: ಎಲ್‌ಎಕ್ಸ್1 ಎಂಬುದರ ಮೇಲ್ಹಲಗೆ ಅಪ್ಪಟ ಸ್ಪ್ರೂಸ್, ಎಲ್‌ಎಕ್ಸ್‌ಎಂ ಎಂಬುದರಲ್ಲಿ ಮೇಲ್ಹಲಗೆಯೂ ಎಚ್‌ಪಿಎಲ್. ಮಾದರಿಯ ಒಂದಕ್ಷರ ತಪ್ಪಿದರೆ ಬೇರೆಯೇ ವಾದ್ಯ ಮನೆಗೆ ಬರುತ್ತದೆ.

ಇನ್ನು ಅಗ್ಗದ ಸರಣಿ ಎಂಬುದು ಈಗಿನವರ ದುರಾಸೆ ಎಂಬ ಭಾವನೆ. ಮಾರ್ಟಿನ್ 1833ರಲ್ಲಿ ಶುರುವಾದ ಮನೆತನದ ಕಂಪನಿ. 1922ರಲ್ಲಿ ಅದು 2-17 ಎಂಬ ಸರಳ ಗಿಟಾರನ್ನು ಉಕ್ಕಿನ ತಂತಿಗೆಂದೇ ಹೊಂದಿಸಿ ಕಡಿಮೆ ಬೆಲೆಗೆ ಬಿಟ್ಟಿತು. ಮೇಲ್ಹಲಗೆಗೂ ಮಹಾಗನಿ, ಅಲಂಕಾರವೆಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದು ಚೆನ್ನಾಗಿ ಮಾರಾಟವಾಯಿತು. ಇಂದು ಆ ಕಾಲದ ಸರಳ ಮಹಾಗನಿ ಮಾರ್ಟಿನ್‌ಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ, ಅವು ಕಂಪನಿಯ ಹೆಸರು ಕೆಡಿಸಿದವು ಎಂದು ಯಾರೂ ಅನ್ನುವುದಿಲ್ಲ.

ಗಿಬ್ಸನ್ ಕಂಪನಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬೇರೆ ದಾರಿ ಹಿಡಿಯಿತು. ಅದರ ಕಾರ್ಖಾನೆ ಆಗ ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿತ್ತು. ಅಲ್ಲಿಯೇ ಅಗ್ಗದ ಗಿಟಾರ್ ಮಾಡಿ, ಗಿಬ್ಸನ್ ಎಂದು ಬರೆಯದೆ ಊರಿನ ಹೆಸರನ್ನೇ ಬರೆದು ಮಾರಿತು. ಕುತ್ತಿಗೆಯನ್ನು ನೇರವಾಗಿಡುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಆಗ ಗಿಬ್ಸನ್‌ನ ಹೆಮ್ಮೆ, ಪೇಟೆಂಟ್ ಕೂಡ ಅವರದೇ. ಅದನ್ನು ಕಲಮಜೂ ಗಿಟಾರ್‌ಗಳಿಗೆ ಕೊಡಲಿಲ್ಲ. ಹೆಸರನ್ನೂ ತಡೆಹಿಡಿದರು, ಸರಳನ್ನೂ ತಡೆಹಿಡಿದರು. ಮೇಲಿನ ಮಾಲಿಗೂ ಕೆಳಗಿನ ಮಾಲಿಗೂ ನಡುವೆ ಗೆರೆ ಎಳೆಯುವುದು ಎಂದರೆ ಇದು. ತಮಾಷೆಯೆಂದರೆ, ಆ ಬಡ ಗಿಟಾರ್‌ಗಳ ಒಣ ಗಡಸು ನಾದ ಮುಂದೆ ಬ್ಲೂಸ್ ನುಡಿಸುವವರಿಗೆ ಎಷ್ಟು ಹಿಡಿಸಿತೆಂದರೆ, ಅಮೆರಿಕದ ದುಬಾರಿ ತಯಾರಕರಲ್ಲಿ ಒಬ್ಬರಾದ ಕಾಲಿಂಗ್ಸ್ 2014ರಲ್ಲಿ ಅದೇ ಕಲಮಜೂ ಮಾದರಿಯ ಮೇಲೆ ವಾಟರ್‌ಲೂ ಎಂಬ ಸರಣಿ ತಂದಿತು. ಅದು ಅಗ್ಗವಂತೂ ಅಲ್ಲ.

ಹಾಗಾದರೆ ಅಗ್ಗದ ಸರಣಿಯಿಂದ ಯಾರಿಗೂ ಪೆಟ್ಟು ಬಿದ್ದಿಲ್ಲವೇ? ಬಿದ್ದಿದೆ, ಆದರೆ ಬಿದ್ದದ್ದು ಸಾಮಾನ್ಯವಾಗಿ ನಾವು ಊಹಿಸುವ ಕಡೆಯಲ್ಲ. ಎಪಿಫೋನ್ ಕಥೆ ನೋಡಿ. ಇಂದು ಎಪಿಫೋನ್ ಎಂದರೆ "ಗಿಬ್ಸನ್ ಕೊಳ್ಳಲಾಗದವರ ಗಿಬ್ಸನ್". 1930ರ ದಶಕದಲ್ಲಿ ಹಾಗಿರಲಿಲ್ಲ. ನ್ಯೂಯಾರ್ಕಿನ ಆ ಕಂಪನಿ ಜಾಝ್ ವಾದಕರ ದೊಡ್ಡ ಕಮಾನು ಹೊಟ್ಟೆಯ ಗಿಟಾರ್‌ಗಳಲ್ಲಿ ಗಿಬ್ಸನ್‌ಗೆ ನೇರ ಎದುರಾಳಿ. 1957ರಲ್ಲಿ ಗಿಬ್ಸನ್ ಕಡೆಯವರು ಅದನ್ನು ಕೊಂಡರು. ಆಮೇಲೂ ಹಲವು ವರ್ಷ ಎಪಿಫೋನ್‌ಗಳು ಗಿಬ್ಸನ್ ತಯಾರಾಗುವ ಅದೇ ಕಲಮಜೂ ಕಾರ್ಖಾನೆಯಲ್ಲೇ ತಯಾರಾದವು. ಬೀಟಲ್ಸ್ ತಂಡದ ಪಾಲ್, ಜಾನ್, ಜಾರ್ಜ್ ಮೂವರೂ ನುಡಿಸಿದ ಎಪಿಫೋನ್ ಕಸೀನೋಗಳು ಆ ಕಾಲದವು, ಅವು ಬಡವರ ಗಿಟಾರ್ ಆಗಿರಲಿಲ್ಲ. 1970ರ ಸುಮಾರಿಗೆ ತಯಾರಿಕೆ ಜಪಾನಿಗೆ ಹೋಯಿತು, ಮುಂದೆ ಕೊರಿಯಾ, ಆಮೇಲೆ ಚೀನಾ. ಎಪಿಫೋನ್ ಎಂಬ ಹೆಸರು ಕೆಳಗಿನ ಮೆಟ್ಟಿಲಾಯಿತು. ಗಿಬ್ಸನ್‌ನ ಅಗ್ಗದ ಸರಣಿ ಗಿಬ್ಸನ್ ಹೆಸರನ್ನು ಕೆಡಿಸಲಿಲ್ಲ, ಎಪಿಫೋನ್ ಹೆಸರನ್ನು ತಿಂದಿತು. ಒಂದು ಕಾಲದ ಪ್ರತಿಸ್ಪರ್ಧಿಯನ್ನು ಅಗ್ಗದ ಚೀಟಿಯಾಗಿ ಬಳಸಿದ್ದರ ಬೆಲೆಯನ್ನು ಆ ಪ್ರತಿಸ್ಪರ್ಧಿಯೇ ತೆತ್ತದ್ದು. ಈಗಿನ ಎಪಿಫೋನ್‌ಗಳಲ್ಲಿ ಒಳ್ಳೆಯ ವಾದ್ಯಗಳು ಬೇಕಾದಷ್ಟಿವೆ, ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಆದರೂ ತಂದವರು ಬಾಗಿಲಲ್ಲೇ "ಎಪಿಫೋನ್ ಅಷ್ಟೇ ಸರ್" ಎಂದು ಸಂಕೋಚಪಡುತ್ತಾರೆ.

ಗಿಬ್ಸನ್ ದಿವಾಳಿಯ ವಿಷಯಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 2018ರ ಮೇ ತಿಂಗಳಲ್ಲಿ ಗಿಬ್ಸನ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದ್ದು ನಿಜ. ಅದಕ್ಕೆ ಎಪಿಫೋನ್ ಕಾರಣವಲ್ಲ, ಅಗ್ಗದ ಗಿಟಾರ್ ಯಾವುದೂ ಕಾರಣವಲ್ಲ. ಗಿಟಾರ್ ಕಂಪನಿ ಸಾಲ ಮಾಡಿ ಮನೆಬಳಕೆಯ ಎಲೆಕ್ಟ್ರಾನಿಕ್ಸ್ ವ್ಯಾಪಾರಕ್ಕೆ ಕೈಹಾಕಿತು. 2014ರಲ್ಲಿ ಫಿಲಿಪ್ಸ್‌ನ ಆಡಿಯೊ ವಿಭಾಗವನ್ನು ಕೊಂಡಿತು. ಆ ಸಾಲ ಕುತ್ತಿಗೆಗೆ ಬಂತು. ಗಿಟಾರ್ ವ್ಯಾಪಾರ ಒಂದೇ ಆಗಿದ್ದರೆ ಕಥೆ ಬೇರೆ ಇರುತ್ತಿತ್ತು. ಅದೇ ವರ್ಷಗಳಲ್ಲಿ ಗಿಬ್ಸನ್‌ನ ಹೆಸರಿಗೆ ವಾದಕರ ನಡುವೆ ಏಟು ಬಿದ್ದದ್ದೂ ಉಂಟು, ಆದರೆ ಅದು ಬಿದ್ದದ್ದು ಮೇಲಿನಿಂದ. 2015ರ ದುಬಾರಿ ಗಿಟಾರ್‌ಗಳಿಗೆ ಯಾರೂ ಕೇಳದ ಯಂತ್ರಚಾಲಿತ ಶ್ರುತಿ ಉಪಕರಣ ಕೂರಿಸಿ, ಕುತ್ತಿಗೆಯ ಅಗಲ ಬದಲಿಸಿ, ಬೆಲೆ ಏರಿಸಿದರು. ಹಳೆಯ ಗಿರಾಕಿಗಳು ಮುಖ ತಿರುಗಿಸಿದರು. ಒಂದೆರಡು ವರ್ಷಗಳಲ್ಲಿ ಕಂಪನಿ ಅದನ್ನೆಲ್ಲ ಹಿಂತೆಗೆದುಕೊಳ್ಳಬೇಕಾಯಿತು.

ನನ್ನ ಅಭಿಪ್ರಾಯಕ್ಕೆ ಗಟ್ಟಿ ಸಾಕ್ಷಿ ಫೆಂಡರ್. 1965ರಲ್ಲಿ ಲಿಯೋ ಫೆಂಡರ್ ತನ್ನ ಕಂಪನಿಯನ್ನು ಸಿಬಿಎಸ್ ಎಂಬ ದೊಡ್ಡ ಸಂಸ್ಥೆಗೆ 1.3 ಕೋಟಿ ಡಾಲರ್‌ಗೆ ಮಾರಿದ. 70ರ ದಶಕದ ಹೊತ್ತಿಗೆ ಅಮೆರಿಕದಲ್ಲೇ ತಯಾರಾದ, ಪೂರ್ತಿ ಬೆಲೆಯ, ಫೆಂಡರ್‌ನ ಹೆಸರಾಂತ ಎಲೆಕ್ಟ್ರಿಕ್ ಗಿಟಾರಾದ ಸ್ಟ್ರಾಟೊಕಾಸ್ಟರ್‌ಗಳು ಸಡಿಲವಾಗಿದ್ದವು. ಕುತ್ತಿಗೆಯನ್ನು ಒಡಲಿಗೆ ಹಿಡಿದಿಡುವ ನಾಲ್ಕು ತಿರುಪುಗಳು ಮೂರಾದವು. ಕುತ್ತಿಗೆ ಕೂರುವ ಗೂಡು ಹಲವು ಗಿಟಾರ್‌ಗಳಲ್ಲಿ ಅಗತ್ಯಕ್ಕಿಂತ ಅಗಲ, ಕೈಯಲ್ಲಿ ಒತ್ತಿದರೆ ಕುತ್ತಿಗೆ ಪಕ್ಕಕ್ಕೆ ಜರುಗುತ್ತಿತ್ತು. ಮೇಲೆ ಗಾಜಿನಂಥ ದಪ್ಪ ಪಾಲಿಯೆಸ್ಟರ್ ಲೇಪನ. ಆಗ ಫೆಂಡರ್ ಬಳಿ ಜಪಾನಿನ ಅಗ್ಗದ ಸ್ಟ್ರಾಟ್ ಸರಣಿ ಇರಲಿಲ್ಲ, ಆದರೂ ಹೆಸರು ಕೆಟ್ಟಿತು. ಅತ್ತ ಜಪಾನಿನ ಟೋಕಾಯ್, ಗ್ರೆಕೊ, ಫರ್ನಾಂಡಿಸ್ ಕಂಪನಿಗಳು ಹಳೆಯ ಸ್ಟ್ರಾಟ್‌ನ ನಕಲನ್ನು ಅಸಲಿಗಿಂತ ಅಚ್ಚುಕಟ್ಟಾಗಿ ಮಾಡಿ ಕಡಿಮೆ ಬೆಲೆಗೆ ಮಾರತೊಡಗಿದವು.

ಫೆಂಡರ್ ಇದಕ್ಕೆ ಕೊಟ್ಟ ಉತ್ತರ ಸ್ಕ್ವಯರ್. ಆ ಹೆಸರು ಹಿಂದೆ ಒಂದು ತಂತಿ ಕಂಪನಿಯದು, 1965ರಲ್ಲಿ ಕೊಂಡು ಮೂಲೆಗಿಟ್ಟಿದ್ದದ್ದು. 1982ರಲ್ಲಿ ಜಪಾನಿನ ಪಾಲುದಾರರೊಂದಿಗೆ ಫೆಂಡರ್ ಜಪಾನ್ ಸ್ಥಾಪಿಸಿ, ಮತ್ಸುಮೊಟೊದ ಫೂಜಿಜೆನ್ ಕಾರ್ಖಾನೆಯಲ್ಲಿ 50 ಮತ್ತು 60ರ ದಶಕದ ಮಾದರಿಗಳನ್ನು ತಯಾರಿಸಿದರು. ಹೊರದೇಶಗಳಿಗೆ ಬಂದ ಮೊದಲ ಕೆಲವು ಗಿಟಾರ್‌ಗಳ ತಲೆಯ ಮೇಲೆ "ಫೆಂಡರ್" ದೊಡ್ಡದಾಗಿಯೂ "ಸ್ಕ್ವಯರ್ ಸೀರೀಸ್" ತುದಿಯಲ್ಲಿ ಪುಟ್ಟದಾಗಿಯೂ ಇತ್ತು. ಬೇಗನೆ ಅದನ್ನು ತಿರುಗಿಸಿ, ಸ್ಕ್ವಯರ್ ದೊಡ್ಡದು, ಫೆಂಡರ್ ಚಿಕ್ಕದು ಮಾಡಿದರು. ಮಾಲು ಕಳಪೆ ಎಂದಲ್ಲ, ಅಮೆರಿಕದ ಫೆಂಡರನ್ನೇ ನುಂಗುವಷ್ಟು ಚೆನ್ನಾಗಿತ್ತು. ಜೆವಿ ಎಂದು ಶುರುವಾಗುವ ಕ್ರಮಸಂಖ್ಯೆಯ ಆ ಸ್ಕ್ವಯರ್‌ಗಳಿಗೆ ಇಂದಿಗೂ ಬೇಡಿಕೆ ತಗ್ಗಿಲ್ಲ. 1985ರಲ್ಲಿ ಫೆಂಡರ್ ಉದ್ಯೋಗಿಗಳೇ ಸೇರಿ ಸಿಬಿಎಸ್‌ನಿಂದ ಕಂಪನಿಯನ್ನು ಬಿಡಿಸಿಕೊಂಡಾಗ, ಅಮೆರಿಕದಲ್ಲಿ ಹೊಸ ಕಾರ್ಖಾನೆ ಏಳುವವರೆಗೆ ಬಹುಮಟ್ಟಿಗೆ ಜಪಾನಿನ ಗಿಟಾರ್‌ಗಳನ್ನು ಮಾರಿಯೇ ಅದು ಉಸಿರಾಡಿತು. ಅಗ್ಗದ ಸರಣಿ ಇಲ್ಲಿ ಹೆಸರನ್ನು ಕೆಡಿಸಲಿಲ್ಲ, ಕೆಟ್ಟ ಹೆಸರನ್ನು ಎತ್ತಿ ನಿಲ್ಲಿಸಿತು.

ನಾನು ಹೇಳಬೇಕಾದದ್ದು ಇಷ್ಟೇ: ಕಡಿಮೆ ಬೆಲೆಯ ಗಿಟಾರ್ ಕಂಪನಿಯ ಹೆಸರಿಗೆ ಅಪಾಯವಲ್ಲ. ಎರಡು ಸಂದರ್ಭಗಳಲ್ಲಿ ಮಾತ್ರ ಅಪಾಯ. ಮೇಲಿನ ಮಾಲು ಸಡಿಲವಾದಾಗ ಒಂದು, ಯಾವುದು ಮೇಲಿನದು ಯಾವುದು ಕೆಳಗಿನದು ಎಂದು ಗಿರಾಕಿಗೆ ತಿಳಿಯದಂತೆ ಮಾಡಿದಾಗ ಇನ್ನೊಂದು. ಮಾರ್ಟಿನ್ ವಿಷಯದಲ್ಲಿ ಮೊದಲನೆಯದು ನನಗೆ ಕಾಣುತ್ತಿಲ್ಲ. ನಜರೆತ್‌ನಿಂದ ಬರುವ ಡಿ-18ರ ಒಳಗೆ ಕನ್ನಡಿ ಹಾಕಿ ನೋಡಿದರೆ ಬ್ರೇಸ್‌ಗಳ, ಅಂದರೆ ಹಲಗೆಗೆ ಆಧಾರವಾದ ಒಳಪಟ್ಟಿಗಳ, ತುದಿ ಇಂದಿಗೂ ಶುಚಿಯಾಗಿಯೇ ಇರುತ್ತದೆ. ಎರಡನೆಯದರಲ್ಲಿ ನನಗೆ ತಕರಾರಿದೆ. 1970ರಲ್ಲಿ ಜಪಾನ್ ಗಿಟಾರ್‌ಗಳ ಪ್ರವಾಹ ಎದುರಾದಾಗ ಮಾರ್ಟಿನ್ ತನ್ನ ಹೆಸರು ಬಿಟ್ಟು ಸಿಗ್ಮಾ ಎಂಬ ಬೇರೆ ಹೆಸರಿನಲ್ಲಿ ಅಗ್ಗದ ಸರಣಿ ತಂದಿತ್ತು. ಆಮೇಲೆ ಮನಸ್ಸು ಬದಲಿಸಿ, ಸನ್‌ಮೈಕಾ ಕುಲದ ಒಡಲಿಗೂ ತನ್ನದೇ ಪೂರ್ಣ ಹೆಸರು, "1833ರಿಂದ" ಎಂಬ ಒಕ್ಕಣೆ ಸಮೇತ, ಕೊಟ್ಟಿತು. ನೀವು ಅಂಗಡಿಯಲ್ಲಿ ಹತ್ತಡಿ ದೂರದಿಂದ ನೋಡಿದರೆ ಅರವತ್ತು ಸಾವಿರದ್ದಕ್ಕೂ ಮೂರು ಲಕ್ಷದ್ದಕ್ಕೂ ತಲೆಯ ಮೇಲಿನ ಬರಹ ಒಂದೇ. ವಿವರವೆಲ್ಲ ಮಾದರಿ ಸಂಖ್ಯೆಯಲ್ಲಿ ಅಡಗಿದೆ. ನಿಮಗೆ ಅಂಗಡಿಯವರು ಸತ್ಯ ಹೇಳಿದರು, ಪುಣ್ಯ. ಎಲ್ಲರೂ ಹೇಳುವುದಿಲ್ಲ.

ಹಾಗೆಂದು ಒಂದೇ ಹೆಸರು ಇಡುವುದೇ ತಪ್ಪು ಎನ್ನಲೂ ಬಾರದು. ಯಮಾಹಾ ಮೊದಲಿನಿಂದಲೂ ಹಾಗೆಯೇ ಮಾಡಿಕೊಂಡು ಬಂದಿದೆ. ನಮ್ಮ ಊರುಗಳ ಅರ್ಧಕ್ಕರ್ಧ ಸಂಗೀತ ತರಗತಿಗಳಲ್ಲಿ ಕಾಣುವ ಎಫ್310ಕ್ಕೂ ಜಪಾನಿನಲ್ಲಿ ಕೈಯಲ್ಲಿ ಮಾಡುವ ದುಬಾರಿ ಎಲ್ಎಲ್ ಮಾದರಿಗಳಿಗೂ ಹೆಸರು ಒಂದೇ. ಯಾರೂ ಯಮಾಹಾ ಕೆಟ್ಟಿತು ಅನ್ನಲಿಲ್ಲ. ಕಾರಣ, ಯಮಾಹಾ ಯಾವತ್ತೂ ಅಪರೂಪದ ವಸ್ತುವೆಂದು ತನ್ನನ್ನು ಮಾರಿಕೊಂಡಿಲ್ಲ. ಅದರ ಹೆಸರು ನಿಂತಿರುವುದು ಕೊಟ್ಟ ಬೆಲೆಗೆ ಮೋಸವಿಲ್ಲ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಅಗ್ಗದ ಗಿಟಾರೇ ದಿನವೂ ಉಳಿಸುತ್ತಿದೆ. ಮಾರ್ಟಿನ್ ಹೆಸರು ನಿಂತಿರುವುದು ಮರದ ಮೇಲೆ, ಮನೆತನದ ಮೇಲೆ. ಅಂಥ ಹೆಸರನ್ನು ಕಾಗದದ ಹಲಗೆಗೆ ಕೊಟ್ಟರೆ ಗುರುಗಳಂಥವರಿಗೆ ಸಿಟ್ಟು ಬರುವುದು ಸಹಜ. ಸೀರೆ ಅಂಗಡಿಯವರು ರೇಷ್ಮೆಯ ಪೆಟ್ಟಿಗೆಯಲ್ಲಿ ಪಾಲಿಯೆಸ್ಟರ್ ಇಟ್ಟುಕೊಟ್ಟರೆ, ಒಳಗಿನ ಚೀಟಿಯಲ್ಲಿ ಸತ್ಯ ಬರೆದಿದ್ದರೂ ಹೆಂಗಸರು ಸುಮ್ಮನಿರುತ್ತಾರೆಯೇ?

ಆದರೆ ಮರದ ಮಾತು ಬಂದಾಗ ಇನ್ನೊಂದು ಕಡೆಯನ್ನೂ ನೋಡಬೇಕು, ಅದರಲ್ಲೂ ನೀವು ಮಲೆನಾಡಿನವರು. ಮಾರ್ಟಿನ್‌ನ ಹೆಸರಾಂತ ಡಿ-28ಕ್ಕೆ ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ, 1969ರಲ್ಲಿ, ಭಾರತದ ರೋಸ್‌ವುಡ್‌ಗೆ ಬಂದರು. ಅದು ನಮ್ಮ ಪಶ್ಚಿಮ ಘಟ್ಟದ ಬೀಟೆ. 2017ರ ಜನವರಿಯಿಂದ ಬೀಟೆಯೂ ಸೇರಿದಂತೆ ಆ ಇಡೀ ಜಾತಿಯ ಮರಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಪರವಾನಗಿ ಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಆ ನಡುವೆ ಅಗ್ಗದ ಗಿಟಾರ್ ಮಾಡುವವರು ಪ್ರತಿ ಸಾಗಣೆಗೂ ಕಾಗದಪತ್ರ ಮಾಡುವ ಬದಲು, ತಂತಿ ಒತ್ತುವ ಬೆರಳುಹಲಗೆಯ ಮರವನ್ನೇ ಬದಲಿಸಿದರು. ಸ್ಕ್ವಯರ್, ಎಪಿಫೋನ್‌ಗಳ ವಿವರಪಟ್ಟಿಯಲ್ಲಿ ಇಂದು ಕಾಣುವ ಇಂಡಿಯನ್ ಲಾರೆಲ್ ಬೇರೆ ಏನಲ್ಲ, ನಿಮ್ಮ ಕಾಡಿನ ಕರಿಮತ್ತಿ. ಅದು ಕಳಪೆ ಮರವಲ್ಲ, ಸ್ವಲ್ಪ ಒಣಗಿದಂತೆ ಕಾಣುತ್ತದೆ, ವರ್ಷಕ್ಕೊಮ್ಮೆ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಮಾರ್ಟಿನ್‌ನ ಎಕ್ಸ್ ಸರಣಿಯ ಹಲವು ಮಾದರಿಗಳಲ್ಲಿ ಬೆರಳುಹಲಗೆ ರಿಚ್‌ಲೈಟ್, ಅದೂ ಕಾಗದ ಮತ್ತು ರಾಳದ್ದೇ. ಇದಕ್ಕೆ ನನ್ನ ತಕರಾರಿಲ್ಲ. ಬೆರಳುಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್ ಬದಲಿಸುವಾಗ, ದುಬಾರಿ ಗಿಟಾರ್‌ಗಳ ಎಬನಿ ಮರ ಚಕ್ಕೆ ಏಳುತ್ತದೆ, ರಿಚ್‌ಲೈಟ್ ಏಳುವುದು ಕಡಿಮೆ.

ಅಗ್ಗದ ಗಿಟಾರ್‌ನಲ್ಲಿ ನಿಜವಾಗಿ ಉಳಿತಾಯ ಮಾಡುವುದು ಎಲ್ಲಿ ಗೊತ್ತೇ? ಮರ ಒಂದು ಭಾಗ. ಇಂಡೊನೇಷ್ಯಾ, ಚೀನಾ, ಮೆಕ್ಸಿಕೊ, ಅಮೆರಿಕ ಎಲ್ಲ ಕಡೆಯೂ ಕುತ್ತಿಗೆ, ಒಡಲು ಕೊರೆಯುವುದು ಗಣಕಯಂತ್ರಗಳೇ. ಯಂತ್ರ ದೇಶ ನೋಡಿ ಕೆಲಸ ಮಾಡುವುದಿಲ್ಲ. ಪಿಆರ್‌ಎಸ್ ಕಂಪನಿ 2001ರಲ್ಲಿ ಶುರುಮಾಡಿದ ಅಗ್ಗದ ಎಸ್‌ಇ ಸರಣಿ ಮೊದಲು ಕೊರಿಯಾ, ಈಗ ಇಂಡೊನೇಷ್ಯಾದಲ್ಲಿ ತಯಾರಾಗುತ್ತದೆ. ಅದರ ಕುತ್ತಿಗೆಗಳಲ್ಲಿ ತಪ್ಪು ಹುಡುಕುವುದು ನನಗೇ ಕಷ್ಟ. ಉಳಿತಾಯ ಮಾಡುವುದು ಕೊನೆಯ ಅರ್ಧ ಗಂಟೆಯ ಕೈಕೆಲಸದಲ್ಲಿ: ಫ್ರೆಟ್ ತುದಿಗಳನ್ನು ಉಜ್ಜುವುದು, ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಕಚ್ಚುಗಳನ್ನು ಆಳಕ್ಕೆ ಕೊರೆಯುವುದು, ಸ್ಯಾಡಲ್ (ಒಡಲ ಕಡೆ ತಂತಿ ಕೂರುವ ಪಟ್ಟಿ) ಇಳಿಸುವುದು. ನಟ್ ಕಚ್ಚು ತುಸು ಹೆಚ್ಚು ಆಳವಾದರೆ ತಂತಿ ಕಿರುಗುಟ್ಟುತ್ತದೆ, ಗಿಟಾರ್ ವಾಪಸು ಬರುತ್ತದೆ. ಎತ್ತರ ಬಿಟ್ಟರೆ ಯಾರೂ ವಾಪಸು ತರುವುದಿಲ್ಲ, ಮಗುವಿನ ಬೆರಳು ನೋಯುತ್ತದೆ ಅಷ್ಟೇ. ಹಾಗಾಗಿ ಕಾರ್ಖಾನೆ ಎತ್ತರವನ್ನೇ ಆರಿಸಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಮೇಲೆ ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆಯಷ್ಟು ಬೆಳಕು ಇರಬೇಕು, ಬೆರಳಲ್ಲಿ ತಟ್ಟಿದರೆ ಸಣ್ಣ ಟಿಕ್ ಸದ್ದು ಬರಬೇಕು. ಅಲ್ಲಿ ಪೋಸ್ಟ್‌ಕಾರ್ಡ್ ತೂರಿಸುವಷ್ಟು ಜಾಗವಿದ್ದರೆ ನಟ್ ಎತ್ತರವಿದೆ ಎಂದರ್ಥ. ಆಮೇಲೆ ಹನ್ನೆರಡನೆಯ ಫ್ರೆಟ್‌ನಲ್ಲಿ ಅಳೆಯಿರಿ: ದಪ್ಪ ತಂತಿಯ ಕೆಳಗೆ ಸುಮಾರು 2.4 ಮಿಲಿಮೀಟರ್, ತೆಳು ತಂತಿಯ ಕೆಳಗೆ 1.8ರ ಆಸುಪಾಸು ಇದ್ದರೆ ಆರಾಮ. ನನ್ನ ಬಳಿಗೆ "ಈ ಕಂಪನಿ ಸರಿಯಿಲ್ಲ" ಎಂದು ಬರುವ ಹೊಸ ಗಿಟಾರ್‌ಗಳಲ್ಲಿ ಬಹುಪಾಲು ಈ ಎರಡು ಅಳತೆ ಸರಿಮಾಡಿದ ಮೇಲೆ ಬೇರೆಯೇ ವಾದ್ಯವಾಗಿ ಹೋಗುತ್ತವೆ. ಇಂಥ ಗಿಟಾರ್ ಹೆಸರಾಂತ ಕಂಪನಿಯದ್ದಾಗಿದ್ದರೆ, ಕಂಟೇನರ್‌ನಿಂದ ಇಳಿಸಿ ಹಾಗೆಯೇ ಗೋಡೆಗೆ ನೇತುಹಾಕಿದ ಅಂಗಡಿಯ ಸೋಮಾರಿತನಕ್ಕೆ ಬೈಗುಳ ತಿನ್ನುವುದು ತಲೆಯ ಮೇಲಿನ ಹೆಸರು. ಹಿಂದೆ ಆಮದು ಗಿಟಾರ್ ಕೈಗೆಟುಕದ ಕಾಲದಲ್ಲಿ ನಮ್ಮ ಪೀಳಿಗೆ ಕಲಿತದ್ದು ಕೋಲ್ಕತ್ತದ ಗಿವ್‌ಸನ್ ಮುಂತಾದವುಗಳ ಮೇಲೆ. ಅದರಿಂದ ಯಾರೂ ಏನೂ ದೊಡ್ಡದು ನಿರೀಕ್ಷಿಸುತ್ತಿರಲಿಲ್ಲ, ಹಾಗಾಗಿ ನಿರಾಶೆಯೂ ಇರಲಿಲ್ಲ. ದೊಡ್ಡ ಹೆಸರಿನ ಸಣ್ಣ ಗಿಟಾರಿಗೆ ಆ ರಿಯಾಯಿತಿ ಸಿಗುವುದಿಲ್ಲ.

ಈಗ ನಿಮ್ಮ ಹಣದ ವಿಷಯ.

ನೀವು ನೋಡಿದ ಮಾರ್ಟಿನ್‌ನ್ನೇ ಕೊಳ್ಳುವುದಾದರೆ, ಮಗಳು ಹೋಗುತ್ತಿರುವ ಊರು ಅದರ ಪರವಾಗಿದೆ. ಮಂಗಳೂರಿನ ಮಳೆಗಾಲದಲ್ಲಿ ಪೂರ್ತಿ ಮರದ ಗಿಟಾರ್ ನೀರು ಕುಡಿದು ಉಬ್ಬುತ್ತದೆ, ಒಡಲ ಮೇಲೆ ತಂತಿ ಕಟ್ಟುವ ಸೇತುವೆಯ ಹಿಂದೆ ಮೇಲ್ಹಲಗೆಗೆ ಹೊಟ್ಟೆ ಬರುತ್ತದೆ, ತಂತಿ ಮೇಲೇರುತ್ತದೆ. ಅದೇ ಗಿಟಾರ್ ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಹೋದರೆ ಬಿರುಕು ಬಿಡುತ್ತದೆ. ಎಚ್‌ಪಿಎಲ್ ಇದಕ್ಕೆಲ್ಲ ಅಷ್ಟಾಗಿ ಜಗ್ಗುವುದಿಲ್ಲ. ಹಾಸ್ಟೆಲ್ ಮಂಚದ ಕೆಳಗೆ ಇಟ್ಟು, ಬಸ್ಸಿನಲ್ಲಿ ಘಟ್ಟ ಹತ್ತಿಸಿ ಇಳಿಸಲು ಅದು ಒಳ್ಳೆಯ ಸಂಗಾತಿ. ಎಡ್ ಶೀರನ್ ಎಂಬ ಗಾಯಕ ವರ್ಷಗಟ್ಟಲೆ ದೊಡ್ಡ ಮೈದಾನಗಳಲ್ಲಿ ನುಡಿಸಿದ್ದು ಲಿಟ್ಲ್ ಮಾರ್ಟಿನ್. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ನಮ್ಮ ಪೊಲೀಸರು ಹಾಡು ನಿಲ್ಲಿಸಿದರಲ್ಲ, ಅವರೇ. ನಾದ ಪಿಕಪ್ ಎಂಬ ವಿದ್ಯುತ್ ಉಪಕರಣದ ಮೂಲಕ ಸ್ಪೀಕರ್‌ಗೆ ಹೋದ ಮೇಲೆ ಹಿಂಬದಿ ಬೀಟೆಯೋ ಕಾಗದವೋ ಎಂಬುದು ಕೇಳುಗರ ಕಿವಿಗೆ ಬೀಳುವುದಿಲ್ಲ.

ಅಪಾಯಗಳೂ ಇವೆ. ಮರ ವರ್ಷ ಕಳೆದಂತೆ ನಾದದಲ್ಲಿ ಬಿಚ್ಚಿಕೊಳ್ಳುತ್ತದೆ, ಎಚ್‌ಪಿಎಲ್ ಇಂದು ಹೇಗಿದೆಯೋ ಹತ್ತು ವರ್ಷಕ್ಕೂ ಹಾಗೆಯೇ. ಬಿದ್ದು ಅಂಚು ಒಡೆದರೆ ಗುರುತಿಲ್ಲದಂತೆ ಸರಿಪಡಿಸಲು ಬರುವುದಿಲ್ಲ, ಉಜ್ಜಿದರೆ ಮರದ ಚಿತ್ರವೇ ಹೋಗುತ್ತದೆ. ಮೇಲ್ಹಲಗೆಯೂ ಎಚ್‌ಪಿಎಲ್ ಆಗಿದ್ದು ಸೇತುವೆ ಕಿತ್ತುಬಂದರೆ, ಮತ್ತೆ ಅಂಟಿಸುವುದು ಮರದಷ್ಟು ಸಲೀಸಲ್ಲ, ಅಂಥ ಕೆಲಸ ಬಂದರೆ ನಾನೂ ಎರಡು ಸಲ ಯೋಚಿಸುತ್ತೇನೆ. ಆದ್ದರಿಂದ ಈ ದಾರಿ ಹಿಡಿದರೆ ಮೇಲ್ಹಲಗೆ ಅಪ್ಪಟ ಸ್ಪ್ರೂಸ್ ಇರುವ ಮಾದರಿಯನ್ನೇ ಆರಿಸಿ, ಹಿಂಬದಿ ಏನಾದರೂ ಇರಲಿ.

ಅದೇ ಹಣಕ್ಕೆ, ಅದಕ್ಕಿಂತ ಕಡಿಮೆಗೂ, ಬೇರೆ ಹೆಸರಿನಲ್ಲಿ ಹೆಚ್ಚು ಮರ ಸಿಗುತ್ತದೆ. ಯಮಾಹಾದ ಎಫ್‌ಜಿ800ಕ್ಕೇ ಅಪ್ಪಟ ಸ್ಪ್ರೂಸ್ ಮೇಲ್ಹಲಗೆಯಿದೆ. ಕಾರ್ಟ್ ಮುಂತಾದವರಲ್ಲಿ ಸ್ವಲ್ಪ ಮೇಲೆ ಹೋದರೆ ಪೂರ್ತಿ ಮರದ ಒಡಲೂ ಸಿಗುತ್ತದೆ. ನಾದದ ಲೆಕ್ಕದಲ್ಲಿ ಗುರುಗಳು ಇದನ್ನೇ ಹೇಳುತ್ತಾರೆ, ತಪ್ಪಿಲ್ಲ. ಆದರೆ ಮಂಗಳೂರಿನ ಹಾಸ್ಟೆಲ್‌ನಲ್ಲಿ ಪೂರ್ತಿ ಮರದ ಗಿಟಾರ್ ಇಡುವವರು ಅದನ್ನು ಪೆಟ್ಟಿಗೆಯಲ್ಲೇ, ತೇವ ಹೀರುವ ಸಿಲಿಕಾ ಪೊಟ್ಟಣಗಳೊಂದಿಗೆ ಇಡಬೇಕು, ತೇವಾಂಶ ಶೇಕಡಾ 45ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಹದಿನೆಂಟರ ಹುಡುಗಿ ಪರೀಕ್ಷೆಯ ನಡುವೆ ಇದನ್ನು ಮಾಡುತ್ತಾಳೆಯೇ ಎಂಬುದು ನನಗಿಂತ ನಿಮಗೆ ಗೊತ್ತು. ಸಿಗ್ಮಾ ಹೆಸರು ಕಂಡರೆ ಒಂದು ಎಚ್ಚರಿಕೆ: ಈಗಿನ ಸಿಗ್ಮಾ ಜರ್ಮನಿಯ ಬೇರೆ ಕಂಪನಿಯದು, ಮಾರ್ಟಿನ್‌ಗೂ ಅದಕ್ಕೂ ಸಂಬಂಧ ಮುಗಿದಿದೆ. ಗಿಟಾರ್ ಒಳ್ಳೆಯದಿರಬಹುದು, ಆದರೆ "ಮಾರ್ಟಿನ್‌ದೇ ಸರ್" ಎಂದು ಮಾರುವವರ ಮಾತು ನಂಬಬೇಡಿ.

ಮೂರನೆಯ ದಾರಿ, ಬಳಸಿದ ಮಾರ್ಟಿನ್ ರೋಡ್ ಸರಣಿ. ಅದರ ಹಲವು ಮಾದರಿಗಳಲ್ಲಿ ಒಡಲು ಪೂರ್ತಿ ಸಪೇಲಿ ಮರದ್ದು. ಸಿಕ್ಕರೆ ಮೂರರಲ್ಲಿ ನಾದ ಇದೇ ಮೇಲು. ಆದರೆ ತಂತಿಯ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ವಾಲಿ ಅದರ ಕೋನ ಕೆಟ್ಟಿದ್ದರೆ ಅದನ್ನು ಸರಿಪಡಿಸುವ ಖರ್ಚು ಉಳಿತಾಯವನ್ನೆಲ್ಲ ನುಂಗುತ್ತದೆ. ಅದರ ಗುರುತು ಇದು: ಸ್ಯಾಡಲ್ ಸೇತುವೆಯ ಮೇಲೆ ಉಗುರಿನ ದಪ್ಪದಷ್ಟೂ ಎದ್ದಿರದಿದ್ದರೆ, ಆದರೂ ತಂತಿ ಎತ್ತರವಿದ್ದರೆ, ಕೈಬಿಡಿ. ಮತ್ತೆ ನಕಲಿಗಳ ಕಾಟವೂ ಇದೆ. ಕಂಪನಿಗಳ ಹೆಸರಿಗೆ ಅವರದೇ ಅಗ್ಗದ ಸರಣಿಗಿಂತ ದೊಡ್ಡ ಹಾನಿ ಮಾಡುತ್ತಿರುವುದು ಈ ನಕಲಿ ಲೋಗೊ ಗಿಟಾರ್‌ಗಳು. ಒಳಗಿನ ಕ್ರಮಸಂಖ್ಯೆಯ ಚಿತ್ರ ತೆಗೆದು ತಿಳಿದವರಿಗೆ ತೋರಿಸದೆ ಹಣ ಕೊಡಬೇಡಿ.

ಮಾರುವಾಗಿನ ಬೆಲೆಯ ಬಗ್ಗೆ ನೇರವಾಗಿ: ನಾನು ಕಂಡಂತೆ, ಬೆಂಗಳೂರಿನಲ್ಲಿ ಬಳಸಿದ ಮಾರ್ಟಿನ್ ಎಕ್ಸ್ ಸರಣಿ ಹೆಸರಿನ ಬಲದಿಂದ ಬೇಗ ಮಾರಾಟವಾಗುತ್ತದೆ. ಅಷ್ಟು ಹೆಸರಿಲ್ಲದ ಕಂಪನಿಯ ಪೂರ್ತಿ ಮರದ ಗಿಟಾರ್ ಅದಕ್ಕಿಂತ ಚೆನ್ನಾಗಿದ್ದರೂ ತಿಂಗಳುಗಟ್ಟಲೆ ಕೂರುತ್ತದೆ. ಹಾಗಾಗಿ "ಹೆಸರಿಗೆ ಕೊಡುತ್ತಿದ್ದೇನೆಯೇ" ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹೌದು, ಒಂದು ಭಾಗ ಹೆಸರಿಗೇ, ಆ ಭಾಗದಲ್ಲಿ ಸ್ವಲ್ಪ ಮಾರುವ ದಿನ ವಾಪಸು ಬರುತ್ತದೆ. ಡಿ-28ರಂತೆ ಬೆಲೆ ಹಿಡಿದು ನಿಲ್ಲುತ್ತದೆ ಎಂಬ ನಿರೀಕ್ಷೆ ಮಾತ್ರ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಗುರುಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಗಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಸ್ಪ್ರೂಸ್ ಮೇಲ್ಹಲಗೆಯ ಆ ಮಾರ್ಟಿನ್‌ನ್ನೂ ಅದೇ ಬೆಲೆಯ ಇನ್ನೆರಡು ಗಿಟಾರ್‌ಗಳನ್ನೂ ಗುರುಗಳಿಂದ ಒಂದೇ ಹಾಡಿನ ಒಂದೇ ಸಾಲಿಗೆ ನುಡಿಸಿಸಿ, ಹೆಸರು ಹೇಳದೆ ಅವಳಿಂದ ಆರಿಸುತ್ತಿದ್ದೆ. ಅವಳು ಮಾರ್ಟಿನ್ ಆರಿಸಿದರೆ ಗುರುಗಳ ಬಾಯಿ ಮುಚ್ಚುತ್ತದೆ, ಇನ್ನೊಂದನ್ನು ಆರಿಸಿದರೆ ನಿಮ್ಮ ಹಣ ಉಳಿಯಬಹುದು. ಯಾವುದೇ ಆದರೂ ಬೆಲೆಯಲ್ಲಿ ಒಂದು ಸೆಟಪ್ ಸೇರಿಸಿಕೊಡಲು ಅಂಗಡಿಯವರನ್ನು ಕೇಳಿ, ನಟ್ ಅಳತೆ ನಿಮ್ಮ ಮುಂದೆಯೇ ಆಗಲಿ. ಕರಾವಳಿಯ ಉಪ್ಪುಗಾಳಿಗೆ ಸಾಮಾನ್ಯ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಲೇಪನವಿರುವ ತಂತಿ ಹಾಕಿಸಿ. ಮಾರ್ಟಿನ್ ಆದರೆ ಬಿಲ್ಲಿನಲ್ಲಿ ಮಾದರಿ ಮತ್ತು ಕ್ರಮಸಂಖ್ಯೆ ಎರಡನ್ನೂ ಬರೆಸಿ, ಖಾತರಿ ಭಾರತದಲ್ಲಿ ಯಾರು ಕೊಡುತ್ತಾರೆ, ಎಷ್ಟು ವರ್ಷ ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.